ಆರುನೂರ ಹನ್ನೆರಡನೇ ಟೆಲೆಕ್ಸ್

ಬಂದರಿನ ಕಡೆ ಹಳಬರು ಯಾರಾದರೂ ಸಿಕ್ಕಿದರೆ, ಪಡೀಲಿನ ಚೆನ್ನಪ್ಪ ಗೊತ್ತೇ ಎಂದು ಕೇಳಿ ನೋಡಿ. ಟೆಲೆಕ್ಸ್ ಮಾರಿಕೊಂಡವನಲ್ಲವೇ ಎಂದು ಮರುಪ್ರಶ್ನೆ ಬರುತ್ತದೆ. ಹಾಗೆ ಹೇಳುವವರಲ್ಲಿ ಮುಕ್ಕಾಲು ಜನ ಟೆಲೆಕ್ಸ್ ಯಂತ್ರವನ್ನು ಹತ್ತಿರದಿಂದ ಕಂಡವರಲ್ಲ, ಚೆನ್ನಪ್ಪಣ್ಣನ ಜೊತೆ ಒಂದು ಚಾ ಕುಡಿದವರೂ ಅಲ್ಲ. ಆ ಮಾತು ಕೇಳಿದಾಗ ನನ್ನ ಮೈ ಉರಿಯುತ್ತದೆ. ಆದರೆ ಬಾಯಿ ಬಿಡಲು ನನಗೆ ಮುಖವಿಲ್ಲ. ಆ ಮನುಷ್ಯನ ಹೆಸರು ಹಾಳಾದ ದಿನ ನಾನು ಅದೇ ಕೋಣೆಯಲ್ಲಿದ್ದೆ. ಅದು ಹೇಗಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದುಬಿಡುತ್ತೇನೆ.

ನಾನು ಕುಲಶೇಖರದ ಒಸ್ವಾಲ್ಡ್. 1975ರಲ್ಲಿ ಬಂದರಿನ ಒಂದು ಹಡಗು ಏಜೆನ್ಸಿಗೆ ಫೈಲ್ ಗುಮಾಸ್ತನಾಗಿ ಸೇರಿದೆ. ಧಣಿ ಚಿತ್ತರಂಜನ ಶೆಟ್ಟರು. ಹಡಗು ಬಂದರೆ ಅದಕ್ಕೆ ನೀರು, ಅಕ್ಕಿ, ಕಾಗದಪತ್ರ ಒದಗಿಸುವುದು, ಹಡಗಿನ ಮೇಲಿನ ಕೆಲಸಕ್ಕೆ ಊರಿನ ಜನರನ್ನು ಹತ್ತಿಸುವುದು ನಮ್ಮ ಕಸುಬು. ಹಡಗಿನ ಮಾಲೀಕರ ಮಾತೆಲ್ಲ ಬರುತ್ತಿದ್ದದ್ದು ಟೆಲೆಕ್ಸಿನಲ್ಲಿ. ಅದು ತಂತಿಯ ತುದಿಗೆ ಕೂತ ಟೈಪ್‌ರೈಟರ್. ಬೊಂಬಾಯಿಯಲ್ಲೋ ದುಬಾಯಿಯಲ್ಲೋ ಒಬ್ಬ ಕುಟ್ಟಿದರೆ ನಮ್ಮಲ್ಲಿ ತಾನಾಗಿ ಅಕ್ಷರ ಮೂಡುತ್ತಿತ್ತು. ಅದರ ಆಪರೇಟರ್ ಚೆನ್ನಪ್ಪಣ್ಣ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಮಾತು ಕಡಿಮೆ. ಯಂತ್ರ ಸದ್ದು ಮಾಡದೆ ಕೂತಿದ್ದಾಗಲೂ ಅದನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು.

ಅವರಿಗೆ ಸಂಶಯ ಎಂಬುದು ಒಂದು ಜಡ್ಡು ಎಂದು ನಾವೆಲ್ಲ ನಗುತ್ತಿದ್ದೆವು. ತಂಗಿಯ ಮದುವೆಗೆ ಅವರು ಬೇರೆ ಬೇರೆ ಮಾಲೀಕರ ಎರಡು ಬಸ್ಸು ಹೇಳಿಟ್ಟರಂತೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಎರಡೂ ಬಂದುಬಿಟ್ಟವು. ಹಿಂದಿನ ಬಸ್ಸಿನಲ್ಲಿ ಬಾಗಿ ಎಂಬ ಅಜ್ಜಿಯೊಬ್ಬರೇ ಕಿಟಕಿ ಪಕ್ಕ ರಾಣಿಯಾಗಿ ಕೂತು ದಿಬ್ಬಣ ಹೋದರಂತೆ. ಚೆನ್ನಪ್ಪಣ್ಣನ ಹೆಂಡತಿ ಅಕ್ಕು ಇದನ್ನು ಹೇಳಿ ನಗುವಾಗ ಅವರು ನಗುತ್ತಿರಲಿಲ್ಲ. ಬಾರದಿದ್ದರೆ ಗೊತ್ತಾಗ್ತಿತ್ತು ಎಂದಷ್ಟೇ ಗೊಣಗುತ್ತಿದ್ದರು.

ಅವರ ಸಂಶಯ ನಿಜವಾಗಿ ಹೆಡೆಯೆತ್ತಿದ್ದು 1976ರಲ್ಲಿ. ನಮ್ಮ ಕಚೇರಿಗೆ ಎರಡು ಲೈನು ಇತ್ತು. ಒಂದು ಸತ್ತರೆ ಇನ್ನೊಂದಿದೆ ಎಂದು ಧಣಿಗಳು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಹಂಚು ತುಂಬಿದ ಲಾರಿಯೊಂದು ಹಿಂದಕ್ಕೆ ಬರುತ್ತ ಬೀದಿಯ ಕಂಬಕ್ಕೆ ಗುದ್ದಿತು. ಎರಡೂ ಲೈನು ಒಟ್ಟಿಗೆ ಹೋದವು. ಎರಡೂ ಅದೇ ಕಂಬದಿಂದ ಇಳಿದು ಬರುತ್ತಿವೆ ಎಂದು ಅಲ್ಲಿಯವರೆಗೆ ಯಾರೂ ತಲೆಯೆತ್ತಿ ನೋಡಿರಲಿಲ್ಲ. ನಾಲ್ಕು ದಿನ ಹಡಗೊಂದು ಹೊರಗೆ ನಿಂತು ನಮ್ಮ ಉತ್ತರಕ್ಕೆ ಕಾಯಿತು. ಆ ನಾಲ್ಕು ದಿನವೂ ಚೆನ್ನಪ್ಪಣ್ಣ ಊಟ ಬಿಟ್ಟು ಬೀದಿಯಲ್ಲಿ ನಿಂತು ಕಂಬ ನೋಡಿದರು.

“ಎರಡು ಉಂಟು ಅಂತ ನಾವು ಎಣಿಸಿದ್ದು ಮಾರಾಯ,” ಎಂದರು ನನಗೆ. “ಇದ್ದದ್ದು ಒಂದೇ.”

ಆಮೇಲೆ ಟೆಲಿಫೋನ್ ಇಲಾಖೆಗೆ ಅಲೆದು ಅಲೆದು ಎರಡನೇ ಲೈನನ್ನು ಹಿಂದಿನ ಓಣಿಯ ಕಂಬದಿಂದ ಎಳೆಸಿಕೊಂಡರು. ಆದರೆ ಲೈನಿಗಿಂತ ಹೆಚ್ಚಾಗಿ ಅವರ ನಿದ್ದೆ ಕೆಡಿಸಿದ್ದು ಬಂದ ಸಂದೇಶ ಉಳಿಯುವ ಬಗೆ. ಯಂತ್ರಕ್ಕೆ ಒಂದು ಪಕ್ಕದಲ್ಲಿ ತೂತು ಹೊಡೆಯುವ ಭಾಗವಿತ್ತು. ಸಂದೇಶ ಹಾಳೆಯ ಮೇಲೆ ಮೂಡುವಾಗಲೇ ಬೆರಳಗಲದ ಕಾಗದದ ಪಟ್ಟಿಯ ಮೇಲೆ ಅದೇ ಸಂದೇಶ ತೂತುತೂತಾಗಿ ಇಳಿಯುತ್ತಿತ್ತು. ಆ ಪಟ್ಟಿಯನ್ನು ಯಂತ್ರಕ್ಕೆ ಮತ್ತೆ ತಿನ್ನಿಸಿದರೆ ಮೊದಲಿನ ಹಾಗೆಯೇ ಪೂರ್ತಿ ಸಂದೇಶ ಅಚ್ಚಾಗುತ್ತಿತ್ತು. ಬೇರೆ ಕಚೇರಿಗಳಲ್ಲಿ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಚೆನ್ನಪ್ಪಣ್ಣ ಸುತ್ತಿ ಇಡುತ್ತಿದ್ದರು. ಪ್ರತಿ ಸಂದೇಶಕ್ಕೂ ನಂಬರು, ಹಾಳೆಯ ಮೇಲೂ ಪಟ್ಟಿಯ ಮೇಲೂ. ಹಾಳೆ ನನ್ನ ಫೈಲಿಗೆ, ಪಟ್ಟಿ ಅವರ ಕಪಾಟಿಗೆ.

1979ರ ಆಟಿ ತಿಂಗಳ ಜಡಿಮಳೆಯಲ್ಲಿ ಮಾಡಿನ ಹಂಚು ಜಾರಿ, ರೆಕಾರ್ಡು ಕೋಣೆಗೆ ರಾತ್ರಿಯಿಡೀ ನೀರು ಸುರಿಯಿತು. ಬೆಳಿಗ್ಗೆ ಬಾಗಿಲು ತೆರೆದರೆ ನನ್ನ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು, ಅವರ ಪಟ್ಟಿಗಳು ಮುದ್ದೆಯಾಗಿದ್ದವು. ಎರಡು ಕಪಾಟು ಬೇರೆ ಬೇರೆ, ಆದರೆ ಮಾಡು ಒಂದೇ. ಚೆನ್ನಪ್ಪಣ್ಣ ಆ ಮುದ್ದೆಯನ್ನು ಕೈಯಲ್ಲಿ ಹಿಡಿದುಕೊಂಡೇ ಧಣಿಗಳ ಕೋಣೆಗೆ ಹೋದರು. ಪಟ್ಟಿಗಳನ್ನು ಇಡಲು ಬೇರೆ ಕಟ್ಟಡದಲ್ಲಿ ಒಂದು ಜಾಗ ಕೊಡಿ ಎಂದು ಕೇಳಿದರು. ಧಣಿಗಳು ನಕ್ಕರು. ಆ ಕಸವನ್ನು ಇನ್ನು ಇಟ್ಟುಕೊಳ್ಳುವುದೇ ಬೇಡ, ಬಿಸಾಡು ಎಂದರು. ಕಚೇರಿಯ ಕಾಗದ ಕಚೇರಿಯಿಂದ ಹೊರಗೆ ಕಾಲಿಡಬಾರದು ಎಂದೂ ಹೇಳಿದರು. ಅಂದಿನಿಂದ ಅವರ ಕಪಾಟಿನಲ್ಲಿ ಪಟ್ಟಿ ಕಾಣಲಿಲ್ಲ. ಬಿಸಾಡಿದರೆಂದೇ ನಾನು ತಿಳಿದೆ.

ಅದರ ನಂತರ ಅವರು ಇನ್ನಷ್ಟು ಮುಚ್ಚಿಕೊಂಡ ಮನುಷ್ಯನಾದರು. ಒಮ್ಮೆ ಚಾ ಕುಡಿಯುವಾಗ ನಾನು ಕೀಟಲೆಗೆಂದು, ನಿಮಗೆ ಅಷ್ಟು ಸಂಶಯ ಯಾರ ಮೇಲೆ, ನನ್ನ ಮೇಲೋ ಧಣಿಗಳ ಮೇಲೋ ಎಂದು ಕೇಳಿದೆ.

“ಮೊದಲು ನನ್ನ ಮೇಲೆ,” ಎಂದರು. “ನಾನೇ ಒಂದು ದಿನ ತಪ್ಪು ಮಾಡಿ, ಹೆದರಿ ಹಾಳೆ ಹರಿದು ಹಾಕಿದರೆ? ಆಗ ನನ್ನನ್ನು ಹಿಡಿಯಲಿಕ್ಕೆ ಒಂದು ಪ್ರತಿ ಬೇಕಲ್ಲ, ಅದು ನನ್ನ ಕೈಗೆ ಸಿಗದ ಜಾಗದಲ್ಲಿ ಇರಬೇಕು.”

ಇದು ಎಂಥ ಮಾತು ಎಂದು ನಾನು ಗ್ಲಾಸು ಕೆಳಗಿಟ್ಟು ಎದ್ದುಬಂದೆ. ನನಗೆ ನನ್ನ ಮೇಲೆ ಸಂಶಯ ಬಂದದ್ದೇ ಇಲ್ಲ. ನನ್ನಷ್ಟು ಬೇಗ ಫೈಲು ಮಾಡುವ ಗುಮಾಸ್ತ ಬಂದರಿನಲ್ಲಿ ಇನ್ನೊಬ್ಬನಿರಲಿಲ್ಲ. ಹಾಳೆಯ ಮೊದಲ ಸಾಲಿನಲ್ಲಿ ಯಾವ ಹಡಗಿನ ಹೆಸರಿದೆಯೋ ಆ ಹಡಗಿನ ಫೈಲಿಗೆ ಹಾಕಿಬಿಡುತ್ತಿದ್ದೆ. ಎರಡನೇ ಸಾಲು ಓದುವುದು ಹೊತ್ತು ಕಳೆಯುವವರ ಕೆಲಸ ಎಂದು ಜಂಬ ಬೇರೆ.

1983ರ ಮಳೆಗಾಲದ ಹೊತ್ತಿಗೆ ನಮ್ಮ ಕೈಗೆ ಬರಬೇಕಿದ್ದ ಎರಡು ಹಡಗು ಬೋಳಾರದ ಕಡೆಯ ಇನ್ನೊಂದು ಏಜೆನ್ಸಿಗೆ ಹೋಗಿದ್ದವು. ಅವರಿಗೂ ನಮಗೂ ಎಣ್ಣೆ ಸೀಗೆಕಾಯಿ. ನಮ್ಮ ಒಳಗಿನ ಸುದ್ದಿ ಅವರಿಗೆ ಯಾರೋ ಮುಟ್ಟಿಸುತ್ತಿದ್ದಾರೆ ಎಂದು ಧಣಿಗಳಿಗೆ ಹುಳ ಹೊಕ್ಕಿತು. ಸುದ್ದಿ ಎಲ್ಲಕ್ಕಿಂತ ಮೊದಲು ಸಿಗುವುದು ಟೆಲೆಕ್ಸಿನ ಮುಂದೆ ಕೂತವನಿಗೆ. ಆಗಸ್ಟಿನಲ್ಲಿ ಧಣಿಗಳು ನನ್ನನ್ನು ಒಳಗೆ ಕರೆದು, ಚೆನ್ನಪ್ಪ ಎಲ್ಲಿಗೆ ಹೋಗುತ್ತಾನೆ ನೋಡು ಎಂದರು. ನನ್ನನ್ನೇ ಕರೆದರಲ್ಲ ಎಂದು ನನಗೆ ಹೆಮ್ಮೆಯಾಯಿತು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ನೋಡತೊಡಗಿದ ಮೇಲೆ ಅವರು ಮಾಡುವುದೆಲ್ಲ ಕಳ್ಳತನವಾಗಿಯೇ ಕಂಡಿತು. ಊಟದ ಚೀಲ ಬರುವಾಗ ಹಗುರ, ಹೋಗುವಾಗ ಉಬ್ಬು. ಬುಧವಾರ ಮಾತ್ರ ಪಡೀಲಿನ ಬಸ್ಸು ಹತ್ತುವುದಿಲ್ಲ, ಬೋಳಾರದ ಕಡೆ ನಡೆಯುತ್ತಾರೆ. ಹಿಂದೆ ಹೋದೆ. ಮಂಗಳಾದೇವಿಗೆ ಹೋಗುವ ರಸ್ತೆಯ ಒಳಗಿನ ಒಂದು ಹೆಂಚಿನ ಮನೆಯ ಗೇಟಿನಲ್ಲಿ ಹೆಂಗಸೊಬ್ಬರು ಕಾಯುತ್ತಿದ್ದರು. ನಲುವತ್ತರ ಆಸುಪಾಸು, ಮದುವೆಯಿಲ್ಲ, ಕನ್ನಡಕ, ನೋಟ ಚೂರಿ. ಗುರುತು ಸಿಕ್ಕಿತು. ರೊಸಾಲಿನ್ ಬಾಯಿ, ಆ ಇನ್ನೊಂದು ಏಜೆನ್ಸಿಯ ಟೆಲೆಕ್ಸ್ ಆಪರೇಟರ್. ಮೊದಲು ನನ್ನ ತಲೆಗೆ ಬಂದದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ. ಪಡೀಲಿನಲ್ಲಿ ಗಂಡನ ದಾರಿ ಕಾಯುವ ಅಕ್ಕುವನ್ನು ನೆನೆದು ಅಯ್ಯೋ ಎಂದುಕೊಂಡೆ ಕೂಡ. ಆದರೆ ಅವರಿಬ್ಬರು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. ಚೆನ್ನಪ್ಪಣ್ಣ ಚೀಲದಿಂದ ಒಂದು ಹಾಲಿನ ಪುಡಿಯ ಡಬ್ಬಿ ತೆಗೆದುಕೊಟ್ಟರು. ಗಲ್ಫಿನಿಂದ ಬರುವವರು ತರುವ ದೊಡ್ಡ ಡಬ್ಬಿ, ಬಾಯಿಗೆ ಕೆಂಪು ಅರಗು. ರೊಸಾಲಿನ್ ಬಾಯಿ ಅದನ್ನು ತಿರುಗಿಸಿ ತಿರುಗಿಸಿ ಅರಗು ಒಡೆದಿಲ್ಲವೆಂದು ನೋಡಿ, ಇವರಿಗೆ ಅಂಥದೇ ಒಂದು ಡಬ್ಬಿ ಕೊಟ್ಟರು. ಇವರೂ ಹಾಗೆಯೇ ನೋಡಿದರು. ಬರುತ್ತೇನೆ ಎಂಬ ಮಾತೂ ಇಲ್ಲದೆ ಹೊರಟರು.

ಮುಂದಿನ ಎರಡು ಬುಧವಾರವೂ ಹಾಗೆಯೇ. ನಾನು ತಾರೀಕು, ಗಂಟೆ ಬರೆದಿಟ್ಟುಕೊಂಡೆ. ಡಬ್ಬಿಯೊಳಗೆ ಪಟ್ಟಿ ಇರುತ್ತದೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಡ. ಮನುಷ್ಯ ನಮ್ಮ ಸಂದೇಶಗಳನ್ನು ಕಟ್ಟು ಕಟ್ಟಾಗಿ ಎದುರಾಳಿಗೆ ಕೊಡುತ್ತಿದ್ದಾನೆ. ಧಣಿಗಳಿಗೆ ಕೂಡಲೇ ಹೇಳಲಿಲ್ಲ. ಡಬ್ಬಿ ಸಮೇತ ಹಿಡಿದುಕೊಡಬೇಕು, ಎಲ್ಲರ ಮುಂದೆ ಹಿಡಿದುಕೊಡಬೇಕು ಎಂಬ ಆಸೆ ನನಗೆ.

ಅಷ್ಟರಲ್ಲಿ ಹಲೀಮಾ ಬಂದಳು.

ಅವಳ ಗಂಡ ಖಾಲಿದ್‌ನನ್ನು ಕೋರಲ್ ಲಿಲ್ಲಿ ಎಂಬ ಹಡಗಿನ ಇಂಜಿನ್ ಕೋಣೆಯ ಕೆಲಸಕ್ಕೆ ಹತ್ತಿಸಿದ್ದು ನಮ್ಮ ಕಚೇರಿಯೇ. ಜೂನ್‌ನಿಂದ ಅವನು ಜೊತೆಯವರಿಂದ ಬರೆಸಿ ಹಾಕುತ್ತಿದ್ದ ಕಾಗದವಿಲ್ಲ. ಅವಳು ಜುಲೈಯಿಂದ ವಾರಕ್ಕೊಮ್ಮೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ನಾವು ಹಡಗಿನವರನ್ನು ಕೇಳಿದರೆ, ಅವನು ಜೂನ್‌ನಲ್ಲೇ ಹಡಗು ಬಿಟ್ಟಿದ್ದಾನೆ ಎಂಬ ಒಂದೇ ಸಾಲು ಬಂತು. ಎಲ್ಲಿ, ಏಕೆ ಎಂದು ಇಲ್ಲ. ಬಂದರಿನ ಬಾಯಿಗೆ ಅಷ್ಟು ಸಾಕು. ಓಡಿಹೋದ, ಅಲ್ಲೇ ಇನ್ನೊಂದು ಮದುವೆಯಾದ ಎಂದು ಕತೆ ಹುಟ್ಟಿತು. ಸೆಪ್ಟೆಂಬರಿನ ಆ ದಿನ ಅವಳು ಬೆಂಚಿನಲ್ಲಿ ಕೂರದೆ ನೇರ ಧಣಿಗಳ ಮುಂದೆ ಬಂದು ನಿಂತಳು. ಅವನು ಸತ್ತಿದ್ದರೆ ಸತ್ತನೆಂದು ಹೇಳಿ, ಓಡಿಹೋಗಿದ್ದರೆ ಹಾಗೆಂದಾದರೂ ಹೇಳಿ, ನಾನು ಯಾವ ಲೆಕ್ಕದಲ್ಲಿ ಬದುಕಬೇಕು ಎಂದು ಕೇಳಿದಳು. ಅಳಲಿಲ್ಲ.

ಧಣಿಗಳು ಕೋರಲ್ ಲಿಲ್ಲಿ ಫೈಲು ತರಿಸಿದರು. ಖಾಲಿದ್‌ನ ಸುದ್ದಿ ಅದರಲ್ಲಿ ಇರಲಿಲ್ಲ. ಜೂನ್‌ನ ಬೇರೆ ಫೈಲುಗಳನ್ನೂ ನೋಡು ಎಂದರು. ನಾನು ಎಲ್ಲ ಹಾಳೆಗಳನ್ನು ಒಂದೊಂದಾಗಿ ನೋಡಲಿಲ್ಲ. ಚೆನ್ನಪ್ಪಣ್ಣನ ನಂಬರು ಪುಸ್ತಕವನ್ನೂ ನನ್ನ ಫೈಲು ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ತಾಳೆ ಹಾಕಿದೆ. ಅವರ ಪುಸ್ತಕದಲ್ಲಿ 611, 612, 613. ನನ್ನ ರಿಜಿಸ್ಟರಿನಲ್ಲಿ 611 ಆದ ಮೇಲೆ 613. ಆ ವಾರ ಧಣಿಗಳು ಬೊಂಬಾಯಿಗೆ ಹೋಗಿದ್ದರು, ಹಾಳೆಗಳು ನೇರ ನನ್ನ ಮೇಜಿಗೆ ಬಂದ ವಾರ ಅದು. 612 ನನ್ನ ಮೇಜಿಗೆ ಬಂದೇ ಇಲ್ಲ ಎಂದು ನಾನು ಹೇಳಿದೆ. ಅದನ್ನು ನಂಬಿಯೇ ಹೇಳಿದೆ. ಚೆನ್ನಪ್ಪಣ್ಣ ಒಳಗೆ ಬಂದು, ತಾನು ಟ್ರೇಗೆ ಹಾಕಿದ್ದೇನೆ ಎಂದರು. ಅದರಲ್ಲಿ ಏನಿತ್ತು ಎಂದರೆ ನೆನಪಿಲ್ಲ. ದಿನಕ್ಕೆ ಎಷ್ಟೋ ಬರುತ್ತವೆ, ಬಂದದ್ದು ಪೂರ್ತಿ ಬಂತೋ ಎಂದು ನೋಡುವುದು ನನ್ನ ಕೆಲಸ, ಓದುವುದಲ್ಲ ಎಂದರು.

ನನಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಜೇಬಿನಿಂದ ಚೀಟಿ ತೆಗೆದು ಮೂರು ಬುಧವಾರದ ತಾರೀಕು ಓದಿದೆ. ಡಬ್ಬಿ, ಅರಗು, ರೊಸಾಲಿನ್ ಬಾಯಿಯ ಗೇಟು, ಎಲ್ಲ ಹೇಳಿದೆ. 612 ಎಲ್ಲಿಗೆ ಹೋಯಿತು ಎಂದು ಬೋಳಾರದವರನ್ನು ಕೇಳಿ ಧಣಿ ಎಂದೆ. ನನ್ನ ಸ್ವರ ಆ ಹೊತ್ತು ಎಷ್ಟು ಖುಷಿಯಲ್ಲಿತ್ತು ಎಂಬುದು ನೆನಪಾದರೆ ಈಗ ಹೇಸಿಗೆಯಾಗುತ್ತದೆ.

ಚೆನ್ನಪ್ಪಣ್ಣ ನನ್ನ ಕಡೆ ನೋಡಲಿಲ್ಲ. ಹಲೀಮಾಳ ಕಡೆ ತಿರುಗಿದರು. ಮುಖ ಸಡಿಲಾಗಿತ್ತು.

“ಉಂಟು ಅಮ್ಮ,” ಎಂದರು. “612ರ ಪಟ್ಟಿ ಅಲ್ಲಿ ಉಂಟು. ಅದು ಉಂಟು ಅಂತ ಮರೆತದ್ದಲ್ಲ, ಇವರ ಮುಂದೆ ಹೇಳಲಿಕ್ಕೆ ಹೆದರಿದ್ದು.”

ಮತ್ತೆ ಧಣಿಗಳಿಗೆ ಎಲ್ಲ ಹೇಳಿದರು. ಮಾಡು ಸೋರಿದ ವರ್ಷ ರೊಸಾಲಿನ್ ಬಾಯಿಯ ಕಚೇರಿಯ ದಾಖಲೆಗಳೂ ನೀರಿಗೆ ಹೋಗಿದ್ದವು. ತಾರು ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ಇಬ್ಬರೂ ಅದನ್ನೇ ಹೇಳಿಕೊಂಡು ಮಳೆಯನ್ನು ಬೈದಿದ್ದರು. ಅಂದಿನಿಂದ ಇವರ ಪಟ್ಟಿಗಳು ಅವರ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಅವರ ಪಟ್ಟಿಗಳು ಪಡೀಲಿನಲ್ಲಿ ಅಕ್ಕುವಿನ ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆಗೆ ಗೆದ್ದಲಿಲ್ಲ, ತೇವವಿಲ್ಲ. ಡಬ್ಬಿಯ ಬಾಯಿಗೆ ಅರಗು, ಅರಗಿನ ಮೇಲೆ ಕೊಟ್ಟವರ ಗುರುತು. ಒಬ್ಬರು ಇನ್ನೊಬ್ಬರದನ್ನು ಒಡೆಯುವಂತಿಲ್ಲ. ತಿಂಗಳಿಗೊಂದು ಹಳೆಯ ಡಬ್ಬಿಯನ್ನು ಇಬ್ಬರೂ ಕೂತು ಒಡೆದು, ಪಟ್ಟಿಯನ್ನು ಬೆಳಕಿಗೆ ಹಿಡಿದು, ತೂತುಗಳು ಓದಲು ಬರುತ್ತವೋ ಎಂದು ನೋಡಿ ಮತ್ತೆ ಮುಚ್ಚುತ್ತಿದ್ದರು. ನಾಲ್ಕು ವರ್ಷದಿಂದ ಹೀಗೆಯೇ ನಡೆದಿತ್ತು.

ಧಣಿಗಳ ಮುಖ ಕೆಂಪಾಯಿತು. ಊರಿನಲ್ಲಿ ಬೇರೆ ಮನೆ ಇರಲಿಲ್ಲವಾ, ಅವರದೇ ಬೇಕಾಯಿತಾ ಎಂದು ಕೇಳಿದರು.

“ಸ್ನೇಹಿತರ ಮನೆಯಲ್ಲಿ ಇಟ್ಟರೆ ಬಿಚ್ಚಿ ನೋಡ್ತಾರೆ ಧಣಿ, ಕೇಳಿದರೆ ಬೇಸರ ಮಾಡ್ತಾರೆ,” ಎಂದರು ಚೆನ್ನಪ್ಪಣ್ಣ. “ಇವರು ನನ್ನದು ಬಿಚ್ಚಿದರೆ ಇವರದ್ದು ನನ್ನ ಹತ್ತಿರ ಉಂಟು. ನಂಬಿಕೆ ಬೇಕಾಗುವುದಿಲ್ಲ. ನನ್ನನ್ನು ತೆಗೆಯುವುದಾದರೆ ಆಮೇಲೆ ತೆಗೆಯಿರಿ. ಮೊದಲು ಆ ಡಬ್ಬಿ ತರುತ್ತೇನೆ.”

ಒಬ್ಬರೇ ಹೋಗಲು ಧಣಿಗಳು ಬಿಡಲಿಲ್ಲ. ನನ್ನನ್ನು ಜೊತೆಗೆ ಕಳಿಸಿದರು, ಕಾವಲಿಗೆ. ರೊಸಾಲಿನ್ ಬಾಯಿಗೆ ವಿಷಯ ಹೇಳಿದಾಗ ಅವರು ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಡಬ್ಬಿಯನ್ನು ನಮ್ಮ ಕೈಗೆ ಕೊಡಲು ಒಪ್ಪಲಿಲ್ಲ. ಅರ್ಧ ದಿನದ ರಜೆ ಹಾಕಿ, ಮಸಿ ಹಿಡಿದ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ, ನಮ್ಮ ಹಿಂದೆ ನಡೆದು ತಾವೇ ನಮ್ಮ ಕಚೇರಿಗೆ ಬಂದರು. ಶೆಟ್ಟರ ಕಚೇರಿಯ ಮೆಟ್ಟಿಲನ್ನು ಅವರ ಕಡೆಯವರು ಹತ್ತಿದ್ದು ಅದೇ ಮೊದಲಿರಬೇಕು.

“ನೋಡಿ ಶೆಟ್ರೇ, ಅರಗು ಸರಿ ಉಂಟಲ್ಲ,” ಎಂದರು. “ಇದನ್ನು ನೀವೇ ಒಡೆಯಿರಿ. ಆಮೇಲೆ ನಾನು ಓದಿದೆ ಅಂತ ಹೇಳಬಾರದು.”

ಧಣಿಗಳೇ ಒಡೆದರು. ಅರಗು ಗಟ್ಟಿಯಾಗಿತ್ತು, ಪೇಪರ್ ಕತ್ತರಿಸುವ ಚಾಕುವಿನಿಂದ ಕೆತ್ತಬೇಕಾಯಿತು. ಜೂನ್ ತಿಂಗಳ ಸುರುಳಿಗಳಲ್ಲಿ ಚೆನ್ನಪ್ಪಣ್ಣ 612ನ್ನು ತೆಗೆದು ಯಂತ್ರಕ್ಕೆ ಕೊಟ್ಟರು. ಯಂತ್ರ ಕಟಕಟ ಎನ್ನತೊಡಗಿತು. ನಾವು ಐದು ಜನ ಕತ್ತು ಚಾಚಿ ನಿಂತಿದ್ದೆವು. ಹಲೀಮಾಳಿಗೆ ಇಂಗ್ಲಿಷ್ ಬಾರದು, ಆದರೂ ಹಾಳೆಯನ್ನೇ ನೋಡುತ್ತಿದ್ದಳು.

ಮೊದಲ ಸಾಲಿನಲ್ಲಿ ಅಲ್ ಬದರ್ ಎಂಬ ಹೆಸರು ಬಿತ್ತು. ಬೇರೆಯೇ ಹಡಗು.

ಆ ಹೆಸರು ಬೀಳುತ್ತಿದ್ದ ಹಾಗೆಯೇ ನನಗೆ ಗೊತ್ತಾಯಿತು. ಹಾಳೆಯನ್ನು ನಾನು ಯಾವ ಫೈಲಿಗೆ ಹಾಕಿದ್ದೆ ಎಂದು ಹೊಳೆಯಿತು. ಉಳಿದ ಸಾಲುಗಳನ್ನು ಧಣಿಗಳು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು. ಕೋರಲ್ ಲಿಲ್ಲಿಯಲ್ಲಿ ಖಾಲಿದ್ ಎಂಬವನ ಕಾಲಿಗೆ ದೊಡ್ಡ ಪೆಟ್ಟಾಗಿದೆ. ಆ ಹಡಗು ದೂರ ಹೋಗುವುದಿತ್ತು. ಹತ್ತಿರದ ಬಂದರಿಗೆ ಹೋಗುತ್ತಿದ್ದ ಅಲ್ ಬದರ್ ನಡುಸಮುದ್ರದಲ್ಲೇ ಅವನನ್ನು ಹತ್ತಿಸಿಕೊಂಡು ಮೊಂಬಾಸಾದಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದೆ. ಮನೆಯವರಿಗೆ ತಿಳಿಸಿ. ಆಸ್ಪತ್ರೆಯ ಹೆಸರು, ವಾರ್ಡು ಸಹ ಇತ್ತು.

ಹಲೀಮಾ ಗೋಡೆಗೆ ಒರಗಿ ಕೂತುಬಿಟ್ಟಳು. ರೊಸಾಲಿನ್ ಬಾಯಿ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟರು. ಚೆನ್ನಪ್ಪಣ್ಣ ಆಗಲೇ ಮೊಂಬಾಸಾದ ಏಜೆಂಟರ ನಂಬರು ಹುಡುಕುತ್ತಿದ್ದರು. ಮರುದಿನ ಮಧ್ಯಾಹ್ನ ಉತ್ತರ ಬಂತು. ಖಾಲಿದ್ ಬದುಕಿದ್ದ. ಕಾಲಿಗೆ ಎರಡು ಸಲ ಆಪರೇಷನ್ ಆಗಿತ್ತು, ಓದುಬರಹ ಇಲ್ಲ, ಅವನ ಬ್ಯಾರಿ ಮಾತು ಅಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ತನ್ನನ್ನು ಊರಿನವರು ಕೈಬಿಟ್ಟರು ಎಂದುಕೊಂಡು ಮೂರು ತಿಂಗಳು ಮಲಗಿದ್ದನಂತೆ. ನವೆಂಬರಿನಲ್ಲಿ ಊರುಗೋಲು ಹಿಡಿದು ಮನೆಗೆ ಬಂದ.

ಆದರೆ ಡಬ್ಬಿ ಒಡೆದ ದಿನ ಸಂಜೆ, ಹಲೀಮಾ ಹೋದ ಮೇಲೆ ಧಣಿಗಳು ಕೇಳಿದ ಪ್ರಶ್ನೆ ಬೇರೆ. ಪಟ್ಟಿ ಬೋಳಾರದಲ್ಲಿತ್ತು, ಸರಿ. ಹಾಳೆ ಎಲ್ಲಿ? ಫೈಲಿಗೆ ಬರಲಿಲ್ಲ ಎಂದು ಒಸ್ವಾಲ್ಡ್ ಹೇಳುತ್ತಾನೆ. ಹಾಗಾದರೆ ನೀನು ಅದನ್ನು ತೆಗೆದು ಅವರಿಗೆ ಕೊಟ್ಟೆ. ಒಂದು ಕೊಟ್ಟವನು ಎಷ್ಟು ಕೊಟ್ಟಿರಬಹುದು? ಆ ಎರಡು ಹಡಗು ಹೋದದ್ದು ಹೇಗೆಂದು ಈಗ ಗೊತ್ತಾಯಿತು. ಚೆನ್ನಪ್ಪಣ್ಣ ಇಲ್ಲ ಎಂದರು, ಎರಡು ಸಲ ಇಲ್ಲ ಎಂದರು. ಧಣಿಗಳು ನನ್ನ ಕಡೆ ತಿರುಗಿದರು.

“ಏನು ಒಸ್ವಾಲ್ಡ್, ನಿನ್ನ ಮೇಜಿಗೆ ಬಂದಿಲ್ಲ ಅಲ್ಲವಾ?”

ಆ ಹೊತ್ತಿಗೆ ನನಗೆ ಗೊತ್ತಿತ್ತು. ಹಾಳೆ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಕಪಾಟು ಆರು ಹೆಜ್ಜೆ ದೂರದಲ್ಲಿತ್ತು.

“ಬಂದಿಲ್ಲ ಧಣಿ,” ಎಂದೆ.

ತಿಂಗಳ ಕೊನೆಗೆ ಹೋಗು ಎಂದು ಚೆನ್ನಪ್ಪಣ್ಣನಿಗೆ ಹೇಳಿದರು. ವಾರದೊಳಗೆ ಬಂದರಿನ ತುಂಬ ಸುದ್ದಿ ಹರಡಿತು, ಟೆಲೆಕ್ಸ್ ಮಾರಿದ ಚೆನ್ನಪ್ಪ ಎಂದು. ಆ ಹೆಸರು ಹೊತ್ತವನಿಗೆ ಯಾವ ಏಜೆನ್ಸಿ ಯಂತ್ರದ ಮುಂದೆ ಕುರ್ಚಿ ಕೊಡುತ್ತದೆ? ಬೋಳಾರದವರೂ ಕೊಡಲಿಲ್ಲ. ತಮ್ಮದನ್ನೂ ಮಾರಿಯಾನು ಎಂದು ಅವರಿಗೂ ಸಂಶಯ. ರೊಸಾಲಿನ್ ಬಾಯಿ ತನ್ನ ಧಣಿಯ ಜೊತೆ ಜಗಳವಾಡಿ ನೋಡಿದರು, ಪ್ರಯೋಜನವಾಗಲಿಲ್ಲ. ಕೆಲಸ ಮಾಡಿದ ಕೊನೆಯ ದಿನ ಚೆನ್ನಪ್ಪಣ್ಣ ಸಂಜೆ ಎಲ್ಲರೂ ಹೋದ ಮೇಲೂ ಇದ್ದರಂತೆ. ಬೀಗದ ಕೈಯನ್ನು ಕಾವಲುಗಾರನ ಕೈಗೆ ಕೊಟ್ಟು, ಅವನ ಹತ್ತಿರ ಬೀಗ ಎಳೆದು ನೋಡಿಸಿ ಹೋದರಂತೆ.

ಮರುದಿನ ಬೆಳಿಗ್ಗೆ ಬೇಗ ಬಂದು ಅಲ್ ಬದರ್ ಫೈಲು ತೆಗೆದೆ. 612 ಅಲ್ಲೇ ಇತ್ತು, ಜೂನ್‌ನ ಹಾಳೆಗಳ ನಡುವೆ, ಮೂಲೆ ಮಡಚಿಕೊಂಡು. ಫೈಲಿನ ನಂಬರು ನನ್ನದೇ ಕೈಬರಹದಲ್ಲಿತ್ತು. ರಿಜಿಸ್ಟರಿನಲ್ಲಿ ಏರಿಸಲು ಮರೆತಿದ್ದೆ, ಅಷ್ಟೇ. ಹಾಳೆಯನ್ನು ಹರಿಯಲು ಎರಡು ಸಲ ಕೈ ಹೋಯಿತು. ಹರಿಯಲಿಲ್ಲ. ತೋರಿಸಲೂ ಇಲ್ಲ. ಮಡಚಿ ಮನೆಗೆ ಒಯ್ದು ಬೈಬಲಿನೊಳಗೆ ಇಟ್ಟೆ. ಬೇರೆಲ್ಲಿ ಇಟ್ಟರೂ ಹೆಂಡತಿ ತೆಗೆಯುತ್ತಿದ್ದಳು.

ಮೂರು ವರ್ಷ ಹೋಯಿತು. ಚೆನ್ನಪ್ಪಣ್ಣ ಪಡೀಲಿನಲ್ಲಿ ಒಂದು ಟೈಪಿಂಗ್ ಕ್ಲಾಸು ಇಟ್ಟಿದ್ದಾರೆ ಎಂದು ಕೇಳಿದ್ದೆ. ಬಸ್ಸಿನಲ್ಲಿ ಹೋಗುವಾಗ ಆ ಬೋರ್ಡು ಬಂದರೆ ಇನ್ನೊಂದು ಕಡೆ ಮುಖ ತಿರುಗಿಸುತ್ತಿದ್ದೆ. 1986ರಲ್ಲಿ ಒಂದು ಭಾನುವಾರ ಪೂಜೆ ಮುಗಿಸಿ ಬಂದವನು, ಏನೋ ಧೈರ್ಯ ಬಂದು, ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಪಡೀಲಿಗೆ ಹೋದೆ. ಇಷ್ಟು ದಿನಕ್ಕೆ ನನ್ನೊಳಗಿನ ಮನುಷ್ಯ ಎದ್ದ ಎಂದು ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಒಂದು ಮೆಚ್ಚುಗೆ.

ಅವರು ಜಗಲಿಯಲ್ಲಿ ಕೂತು ಟೈಪ್‌ರೈಟರೊಂದರ ಸ್ಪ್ರಿಂಗ್ ಬಿಚ್ಚುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾ ಎಂದರು, ಅಷ್ಟೇ. ನಾನು ಕೂತು ಎಲ್ಲ ಹೇಳಿದೆ. ತಡವರಿಸಿದೆ, ಕೊನೆಗೆ ಅತ್ತೆ. ಹಾಳೆಯನ್ನು ಮುಂದಿಟ್ಟೆ. ಅವರು ಓದಲಿಲ್ಲ. ಮಡಚಿದ ಮೂಲೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು.

“ಇದು ಮಡಚಿದ್ದು ನಾನು,” ಎಂದರು. “ಹೋಗುವ ದಿನ ಸಂಜೆ. ನಿನಗೆ ಬೇಗ ಸಿಗಲಿ ಅಂತ.”

ಅಲ್ ಬದರ್ ಎಂಬ ಹೆಸರು ಯಂತ್ರದಲ್ಲಿ ಬಿದ್ದಾಗ ನನಗೆ ಹೊಳೆದದ್ದು ಅವರಿಗೂ ಹೊಳೆದಿತ್ತು. ಮೊದಲ ಸಾಲು ನೋಡಿ ಫೈಲು ಮಾಡುವ ನನ್ನ ಜಂಬ ಕಚೇರಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಕೈಯಲ್ಲಿ ಹಾಳೆ ಹಿಡಿದಿದ್ದರಲ್ಲ, ಧಣಿಗಳಿಗೆ ಏಕೆ ತೋರಿಸಲಿಲ್ಲ ಎಂದು ಕೇಳಿದೆ. ನಾನು ತೋರಿಸಿದರೆ ನಾನೇ ತಂದು ಇಟ್ಟದ್ದು, ನಿನ್ನ ಅಕ್ಷರವನ್ನೂ ನಾನೇ ಬರೆದದ್ದು ಅನ್ನುತ್ತಿದ್ದರು ಎಂದರು. ನೀನು ತೋರಿಸಿದರೆ ಮಾತ್ರ ಅದು ಸಾಕ್ಷಿ. ಆ ವಾರವಿಡೀ ಮನೆಯಲ್ಲಿ ಕೂತು ಕಾದಿದ್ದರಂತೆ. ಗೇಟು ಸದ್ದಾದಾಗಲೆಲ್ಲ ಅಕ್ಕು ಎದ್ದು ನೋಡುತ್ತಿದ್ದರಂತೆ.

ಅಕ್ಕು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಚಾ ತಂದು ನನ್ನ ಮುಂದಿಟ್ಟು ಒಳಗೆ ಹೋದರು. ನಾನು ಕಣ್ಣೊರೆಸಿಕೊಂಡು, ನಾಳೆಯೇ ಬಂದರಿಗೆ ಹೋಗಿ ಎಲ್ಲರ ಹತ್ತಿರ ಹೇಳುತ್ತೇನೆ ಎಂದೆ. ಚೆನ್ನಪ್ಪಣ್ಣ ಸ್ಪ್ರಿಂಗನ್ನು ಕೆಳಗಿಟ್ಟು ನನ್ನನ್ನೇ ನೋಡಿದರು, ಹಿಂದೆ ಆ ಯಂತ್ರವನ್ನು ನೋಡುತ್ತಿದ್ದ ಹಾಗೆ.

“ಧಣಿಗಳ ಬೊಜ್ಜ ಮುಗೀತಾ?” ಎಂದು ಕೇಳಿದರು.

ಚಿತ್ತರಂಜನ ಶೆಟ್ಟರು ತೀರಿಕೊಂಡು ಎರಡು ವಾರವಾಗಿತ್ತು. ಉತ್ತರಕ್ರಿಯೆಯ ಊಟಕ್ಕೆ ನಾನೂ ಹೋಗಿದ್ದೆ.

“ಮೊನ್ನೆ ಮುಗೀತು,” ಎಂದೆ.

“ಹಾಗೆ ನೀನು ಇವತ್ತು ಬಂದದ್ದು,” ಎಂದರು.

ಅವರು ಹೇಳುವವರೆಗೂ ಅದು ನನಗೆ ತೋಚಿರಲಿಲ್ಲ, ದೇವರಾಣೆ. ಆದರೆ ಅದೇ ನಿಜ. ನನ್ನನ್ನು ಕೆಲಸದಿಂದ ತೆಗೆಯಬಹುದಾಗಿದ್ದ ಒಬ್ಬನೇ ಮನುಷ್ಯ ಸತ್ತಿದ್ದ, ಅದಕ್ಕೇ ನನಗೆ ಧೈರ್ಯ ಬಂದಿತ್ತು. ಚೆನ್ನಪ್ಪಣ್ಣ ಆಗಲೇ ಸ್ಪ್ರಿಂಗನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಚಾ ಕುಡಿದು, ಗ್ಲಾಸನ್ನು ಜಗಲಿಯ ಮೂಲೆಯಲ್ಲಿಟ್ಟು, ಬಸ್ಸಿಗೆ ನಡೆದೆ.